ನಾಲ್ಕು ಮುಖದ ಫ್ಲೆಕ್ಸ್

ಚನ್ನವೀರೇಶರು ನಿದ್ದೆಯಲ್ಲೇ ಲಿಂಗೈಕ್ಯರಾದರೆಂಬ ಸುದ್ದಿ ತಿಳಿದ ಬೆಳಗ್ಗೆ ಚಂದ್ರಾ ಲೇಔಟಿನ ಪಾರ್ಕಿನ ತುಂಬ ಮಂಜು. ಅವರ ಗೆಳೆಯ ಪಂಚಾಕ್ಷರಿಗೆ ತಾವಿನ್ನೂ ಹಾಸಿಗೆಯಿಂದ ಎದ್ದೇ ಇಲ್ಲವೇನೋ ಅನ್ನಿಸುತ್ತಿತ್ತು.

ನಿವಾಸಿಗಳ ಸಂಘ, ವಾಕಿಂಗ್ ಬಳಗ, ಭಜನಾ ಮಂಡಳಿ ಮೂರನ್ನೂ ಕೂಡಿಸಿ, ಕಟ್ಟಡ ಕೆಲಸದವರ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತಿದ್ದವರು ಚನ್ನವೀರೇಶರು. "ನಾನು ಹೋದ್ಮೇಲೆ ಇವರು ಚದುರಬಾರದು ಕಣೋ. ಪಾಠ ನಿಲ್ಲುತ್ತೆ," ಎಂದು ಹೋದ ವಾರವಷ್ಟೇ ಪಂಚಾಕ್ಷರಿಯ ಕೈ ಹಿಡಿದು ಹೇಳಿದ್ದರು. ಆದ್ದರಿಂದ ಶ್ರದ್ಧಾಂಜಲಿಯ ಫ್ಲೆಕ್ಸಾದರೂ ಮೂರೂ ಗುಂಪಿನ ಮುಖಂಡರದು ಸೇರಿ ಒಂದೇ ಇರಲಿ ಎಂದು ಪಂಚಾಕ್ಷರಿ ಹೊರಟರು.

"ನನ್ನ ಫೋಟೋ ದೊಡ್ಡದಾಗಿರ್ಲಿ. ಸಂಘದ ಅಧ್ಯಕ್ಷ ಅಲ್ವಾ," ಎಂದರು ವೆಂಕಟಗಿರಿ.

"ಅವರದಕ್ಕಿಂತ ನಂದು ಒಂದಿಂಚು ಚಿಕ್ಕದಾದ್ರೂ ನಮ್ಮ ವಾಕಿಂಗ್ ಬಳಗ ನಾಳೆಯಿಂದ ಪಾಠಕ್ಕೆ ಬರಲ್ಲ ಸಾರ್," ಎಂದರು ಅಂಜಿನಯ್ಯ.

ಭಜನಾ ಮಂಡಳಿಯ ಪುಟ್ಟಲಕ್ಷ್ಮಿ ನಯವಾಗಿ ನುಡಿದರು: "ನಂಗೇನೂ ಆಸೆ ಇಲ್ಲಪ್ಪ. ಅವರಿಗೆಷ್ಟೋ ನಂಗೂ ಅಷ್ಟೇ."

ಪಂಚಾಕ್ಷರಿ ಕನಸಿನಲ್ಲಿ ನಡೆಯುವವರಂತೆ ಪ್ರಿಂಟಿಂಗ್ ಅಂಗಡಿಗೆ ಹೋಗಿ, "ಎಲ್ಲರನ್ನೂ ಒಂದೇ ಸೈಜಿಗೆ ಹಾಕಪ್ಪ," ಎಂದರು. ಅಂಗಡಿಯವನು ಎಲ್ಲರನ್ನೂ ಹಾಕಿದ. ಚನ್ನವೀರೇಶರೂ ಸೇರಿ ನಾಲ್ಕು ನಗುಮುಖ, ಒಂದೇ ಸಾಲು, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'.

ಪಾರ್ಕಿನ ಗೇಟಿಗೆ ಅದನ್ನು ಕಟ್ಟಿದ್ದೇ ತಡ, ಜನ ನಾಲ್ಕು ಮನೆಗೂ ಹಾರ ಹಿಡಿದು ಹೊರಟರು. ಊಟಕ್ಕೆ ಕೂತಿದ್ದ ವೆಂಕಟಗಿರಿಯನ್ನು ಕಂಡು ಒಬ್ಬರು ಚಪ್ಪಲಿಯನ್ನೂ ಬಿಟ್ಟು ಓಡಿದರು. ಲಗ್ಗೆರೆಯಿಂದ ಆಟೋದಲ್ಲಿ ಬಂದ ಬೀಗಿತ್ತಿ, ಬಾಗಿಲು ತೆರೆದವರ ಮುಖ ನೋಡದೆ, ಪುಟ್ಟಲಕ್ಷ್ಮಿಯನ್ನೇ ತಬ್ಬಿಕೊಂಡು ಪುಟ್ಟಲಕ್ಷ್ಮಿಗಾಗಿ ಅತ್ತರು.

ಸಂಜೆ ಮಣ್ಣು ಮುಗಿಸಿ ಹಿಂತಿರುಗುವಾಗ ಮೂವರೂ ಪಂಚಾಕ್ಷರಿಯನ್ನು ತಡೆದರು.

"ಬದುಕಿರೋವಾಗ್ಲೇ ನಮ್ಮನ್ನ ಕಳಿಸಿಬಿಟ್ರಲ್ರೀ," ಎಂದರು ವೆಂಕಟಗಿರಿ.

"ವೆಂಕಟಗಿರಿಯವರು ಸರಿಯಾಗಿ ಹೇಳಿದ್ರು," ಎಂದರು ಅಂಜಿನಯ್ಯ. ಇಂಥ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

"ನಾಳೆ ಪಾಠ ಮುಗಿದ್ಮೇಲೆ ಮೂವರೂ ಕೂತು ಇವರ ವಿಷಯ ಮಾತಾಡೋಣ," ಎಂದರು ಪುಟ್ಟಲಕ್ಷ್ಮಿ.

ಪಂಚಾಕ್ಷರಿ ತಲೆ ತಗ್ಗಿಸಿ ಗೆಳೆಯನ ಮನೆಗೆ ಹೋಗಿ, ಅವರ ಮಡದಿ ಶಿವಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡರು. ಅಳುತ್ತಿದ್ದ ಶಿವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ತುಸು ನಕ್ಕರು.

"ನಮ್ಮನೆಯವರೂ ಹಿಂಗೇ ಮಾಡ್ತಿದ್ರು ಅಣ್ಣಾ. ಮೂವರಲ್ಲಿ ಜಗಳ ಶುರುವಾದ್ರೆ ಬೇಕೂಂತಲೇ ಏನಾದ್ರೂ ಎಡವಟ್ಟು ಮಾಡಿ ಬೈಸ್ಕೊಳ್ಳೋರು. ಬೈಯೋಕೆ ಒಬ್ಬರು ಸಿಕ್ರೆ ಅವರೆಲ್ಲ ಒಂದಾಗಿರ್ತಾರಂತೆ. ಇನ್ಮೇಲೆ ಆ ಕೆಲ್ಸ ನಿಮ್ದೇ."

ಪಂಚಾಕ್ಷರಿ ಎದ್ದು ಗೆಳೆಯನ ಫೋಟೋ ಮುಂದಿನ ದೀಪಕ್ಕೆ ಎಣ್ಣೆ ಹಾಕಿದರು. ಆಮೇಲೆ ದೀಪದ ಮುಂದೆ ಕೈ ಮುಗಿದರು.

ಶಿವನೇ, ಇಷ್ಟು ವರ್ಷ ಎಲ್ಲರ ಬೈಗುಳ ಹೊತ್ತ ಜೀವ ಇದು. ನಿನ್ನ ಪಾದದಲ್ಲಾದರೂ ನೆಮ್ಮದಿಯಾಗಿ ಮಲಗಲಿ.