ಕರಿಬೇವಿನ ಗುಂಡಿ ಮತ್ತು ವಿಮಾನದ ಕವಣೆ

ನನ್ನ ಹೆಂಡತಿ ಸರೋಜ ಕರಿಬೇವಿನ ಗಿಡ ನೆಟ್ಟ ಆ ಶನಿವಾರ ಎಷ್ಟು ಸಾಧಾರಣವಾಗಿತ್ತೆಂದರೆ, ಅದರ ಬಗ್ಗೆ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲ. ಬೆಳಿಗ್ಗೆ ಇಬ್ಬರೂ ಮಿಸೌರಿ ಸಿಟಿಯ ಮನೆಯಿಂದ ಪಕ್ಕದ ಊರು ಸ್ಟಾಫರ್ಡ್‌ಗೆ ಹೋಗಿ ಅಕ್ಕಿ, ಬದನೆಕಾಯಿ ತಂದೆವು. ದಾರಿಯಲ್ಲಿ ನಾನು ತಿರುವು ತಪ್ಪಿಸಿದೆ. "ಜೀವನವೆಲ್ಲ ಆಫೀಸಲ್ಲಿ ನಕ್ಷೆ ಬರೆದೋರು, ಅಂಗಡಿ ದಾರಿ ಗೊತ್ತಾಗಲ್ವಾ?" ಎಂದಳು. ಊಟವಾದ ಮೇಲೆ ಸಲಿಕೆ ಹಿಡಿದು ಹಿತ್ತಿಲಿಗೆ ಹೋದಳು. ಮಾರನೆಯ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಕುಸಿದಳು. ಮತ್ತೆ ಮಾತನಾಡಲೇ ಇಲ್ಲ, ಹೋಗಿಬಿಟ್ಟಳು.

ಐದು ತಿಂಗಳ ನಂತರ, ಹಿತ್ತಿಲಿನಲ್ಲಿ ಮಳೆನೀರು ನಿಲ್ಲುತ್ತಿದೆಯೆಂದು ಚರಂಡಿ ತೋಡಿಸಲು ಹೊರಟೆ. ತೋಡುವವನ ಯಂತ್ರ ಮೊದಲು ಕಾಂಕ್ರೀಟಿಗೆ, ಆಮೇಲೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಹಳಿಗೆ ಬಡಿಯಿತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಅವರಿವರಿಗೆ ಫೋನ್ ಮಾಡಿದ್ದಾಯಿತು. ಕೊನೆಗೆ ವಿಶ್ವವಿದ್ಯಾಲಯದಿಂದ ಮೇಗನ್ ಎಂಬ ಪುರಾತತ್ವದ ಹೆಣ್ಣುಮಗಳು ತಂಡ ಕಟ್ಟಿಕೊಂಡು ಬಂದರು. ನಮ್ಮ ಬಡಾವಣೆಯ ಜಾಗ ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳ ಬಯಲಾಗಿತ್ತಂತೆ. ರನ್‌ವೇ ಸಾಲದ ಕಡೆ ವಿಮಾನವನ್ನು ಹಾರಿಸಲು ಇಲ್ಲೊಂದು ಯಂತ್ರ ಮಾಡಿ ನೋಡಿದ್ದರಂತೆ. ವಿಮಾನವನ್ನು ದುಂಡನೆಯ ಹಳಿಯ ಮೇಲೆ ತಿರುಗುವ ಕಟ್ಟೆಯಲ್ಲಿ ನಿಲ್ಲಿಸಿ, ಗಾಳಿಯ ಕಡೆ ಮುಖ ಮಾಡಿಸಿ, ಹಗ್ಗದಿಂದ ಸೆಳೆದು ಕವಣೆಕಲ್ಲಿನಂತೆ ಎಸೆಯುವುದು. ಅದರಿಂದ ಒಂದು ವಿಮಾನವಾದರೂ ಹಾರಿದ್ದಕ್ಕೆ ದಾಖಲೆ ಇಲ್ಲವೆಂದೂ ಮೇಗನ್ ಹೇಳಿದರು.

ಸುದ್ದಿ ಹೇಗೆ ಹಬ್ಬಿತೋ, ಡಲ್ಲಾಸ್‌ನಿಂದ ಗೆಳೆಯ ಪಾಟೀಲರ ಫೋನ್ ಬಂತು. "ಏನ್ರೀ, ನಿಮ್ಮ ಹಿತ್ತಲದಾಗ ವಿಮಾನ ಸಿಕ್ಕೈತಂತ? ಇನ್ನ ಮ್ಯಾಲೆ ಏರ್‌ಪೋರ್ಟಿಗೆ ಹೋಗೂದ ಬ್ಯಾಡ ಬಿಡ್ರಿ!"

ತೊಂದರೆ ಇದ್ದದ್ದು ಬೇರೆ ಕಡೆ. ಆ ಹಳಿಯ ಬಳೆಯೊಳಗೇ ಸರೋಜಳ ಕರಿಬೇವು ನಿಂತಿತ್ತು. ಅಗೆಯಬೇಕಾದರೆ ಅದನ್ನು ಕೀಳಬೇಕು ಎಂದರು ಮೇಗನ್. ಆಗುವುದಿಲ್ಲ ಎಂದೆ. ಯುದ್ಧವೇ ಮುಗಿದಿರುವಾಗ ಇವರಿಗೇನು ಅವಸರ? ಆಸ್ಟಿನ್‌ನಿಂದ ಮಗಳು ಸ್ಮಿತಾ ಡ್ರೈವ್ ಮಾಡಿಕೊಂಡು ಬಂದಳು.

"ಅಪ್ಪಾ, ವಿ ಕ್ಯಾನ್ ಜಸ್ಟ್ ಪಾಟ್ ಇಟ್. ಐ ವಿಲ್ ಟೇಕ್ ಕೇರ್."

"ನಿಂಗೆ ಕೊತ್ತಂಬರಿ ಯಾವ್ದು, ಪುದೀನ ಯಾವ್ದು ಗೊತ್ತಿಲ್ಲ. ನೀನು ನೋಡ್ಕೋತೀಯಾ?"

"ಐ ವಿಲ್ ಲರ್ನ್, ಅಪ್ಪಾ," ಎಂದಳು. ಮೂಗಿನ ತುದಿ ಕೆಂಪಾಗಿತ್ತು. ಬೇರಿನ ಮಣ್ಣು ಉದುರಬಾರದು ಎಂಬ ಷರತ್ತಿನ ಮೇಲೆ ಕುಂಡಕ್ಕೆ ಹಾಕಲು ಒಪ್ಪಿದೆ.

ಈ ಪುರಾತತ್ವದವರ ಶಿಸ್ತು ವಿಚಿತ್ರ. ಯಾರು, ಯಾವಾಗ, ಯಾಕೆ ತೋಡಿದ್ದಾದರೂ ಸರಿ, ಪ್ರತಿ ಗುಂಡಿಗೂ ಒಂದು ನಂಬರು, ಒಂದು ಹಾಳೆ. ಸರೋಜಳ ಗುಂಡಿಯ ಹಾಳೆಯಲ್ಲಿ, ಹಳೆಯ ಮಣ್ಣನ್ನು ಈಚೆಗೆ ಯಾರೋ ಕೆದಕಿದ್ದಾರೆ ಎಂಬರ್ಥದಲ್ಲಿ, 'ಇತ್ತೀಚಿನ ಅಡ್ಡಿ' ಎಂದು ಬರೆದಿದ್ದರು. ನನಗೆ ಸಿಟ್ಟು ಬಂತು. "ಅದು ಅಡ್ಡಿ ಅಲ್ಲ, ನನ್ನ ಹೆಂಡತಿ," ಎಂದೆ. ಹೇಳಿದ ಮೇಲೆ, ನಾನೇ ಅದೆಷ್ಟು ಸಲ ಅವಳನ್ನು ಅಡ್ಡಿಯೆಂದೇ ಕರೆದಿದ್ದೆನೆಂದು ನೆನಪಾಯಿತು. ಮೇಗನ್ ಆ ಸಾಲು ಹೊಡೆದುಹಾಕಿ 'ಗಿಡದ ಗುಂಡಿ' ಎಂದು ಬರೆದರು. ಮಣ್ಣಿನ ಮೇಲಿನ ಬಿಳಿ ಕಲೆ ಏನೆಂದು ಕೇಳಿದರು. ನಾನು ಹಾಕುವ ಹುಳಿ ಮಜ್ಜಿಗೆ, ಕರಿಬೇವಿಗೆ ಒಳ್ಳೆಯದು ಎಂದೆ. ಅದನ್ನೂ ಬರೆದುಕೊಂಡರು.

ಗಿಡ ಎತ್ತಿದ ಮೇಲೆ ಮೇಗನ್ ಬ್ರಷ್ಷಿನಿಂದ ಮಣ್ಣು ಸರಿಸುತ್ತ ಬಂದು ಒಂದು ಕಡೆ ಕೈ ನಿಲ್ಲಿಸಿದರು. ಹಳಿಯ ಮೇಲೆ ಸಲಿಕೆ ಬಡಿದ ಹೊಸ ಗೆರೆ ಇತ್ತು.

"ನೋಡಿ, ನಿಮ್ಮ ಹೆಂಡತಿಗೆ ಇದು ಮೊದಲೇ ಸಿಕ್ಕಿತ್ತು. ಇಲ್ಲಿ ಬಡಿದಿದೆ, ಒಂದು ಗೇಣು ಪಕ್ಕಕ್ಕೆ ಸರಿದು ಅಗೆದಿದ್ದಾರೆ. ಕಂಡುಹಿಡಿದವರು ಅವರೇ. ಹೆಸರು ಹಾಕುತ್ತೇವೆ. ಇದರ ಬಗ್ಗೆ ಅವರು ಏನಾದರೂ ಹೇಳಿದ್ದರೇ?"

ಹೇಳಿದ್ದಳು. ಆ ಶನಿವಾರ ಗಿಡ ನೆಟ್ಟು ಕೈ ತೊಳೆಯಲು ಒಳಗೆ ಬಂದವಳು, ನಲ್ಲಿಯ ಸದ್ದಿನ ನಡುವೆ ನನಗೇ ಏನೋ ಹೇಳಿದಳು. ಟೀವಿಯಲ್ಲಿ ಕೊನೆಯ ಓವರ್ ನಡೆಯುತ್ತಿತ್ತು. ನಾನು "ಹ್ಞೂಂ" ಎಂದೆ. ಅದು ಮದುವೆಯಾದಂದಿನಿಂದ ಎಲ್ಲಕ್ಕೂ ಸಲ್ಲುತ್ತಿದ್ದ, ಯಾವತ್ತೂ ಕೈಕೊಡದ ಹ್ಞೂಂ. ಆ ಮ್ಯಾಚಿನಲ್ಲಿ ಗೆದ್ದವರು ಯಾರು, ಎಷ್ಟು ಎಸೆತ ಉಳಿದಿತ್ತು ಎಂದು ಈಗ ಕೇಳಿದರೂ ಹೇಳಬಲ್ಲೆ.

ಮೇಗನ್ ಆ ಸಾಲನ್ನು ಖಾಲಿ ಬಿಟ್ಟರು. ಆಮೇಲೆ ಮುಂದಿನ ಹಾಳೆಗೆ ಹೋದರು. ವರದಿಯಲ್ಲಿ ಸರೋಜಳ ಹೆಸರಿದೆ. ಅವಳು ಏನು ಹೇಳಿದಳೆಂಬುದು ಇಲ್ಲ.