ಚೀಲ ತುಂಬ ಕರಕಿ

ಮನುಷ್ಯನಿಗೆ ಎಂಥೆಂಥ ಆಸೆಗಳೋ ಇರುತ್ತವೆ. ನನಗಿದ್ದದ್ದು ಹುಲ್ಲಿನದು. ಸಂಜೆ ಮನೆಯೆದುರು ಹಸಿರು ಹುಲ್ಲುಹಾಸಿನ ಮೇಲೆ ಕುಳಿತು ಚಹಾ ಕುಡಿಯಬೇಕು. ಬೀದಿಯಲ್ಲಿ ಹೋಗುವವರು ಅದನ್ನು ನೋಡಬೇಕು. ಎರಡನೆಯದೇ ಮುಖ್ಯ ಎಂದು ಹೆಂಡತಿಗೆ ಹೇಳಿರಲಿಲ್ಲ. ಬೀದರಿನ ಕೆಂಪು ಕಲ್ಲುನೆಲದ ಮೇಲೆ ಮನೆ ಕಟ್ಟಿಕೊಂಡು, ಭಾಲ್ಕಿಯ ಬ್ಯಾಂಕಿಗೆ ದಿನವೂ ಬಸ್ಸಿನಲ್ಲಿ ಓಡಾಡುವವನು ಇಂಥ ಆಸೆ ಇಟ್ಟುಕೊಳ್ಳಬಾರದಿತ್ತು.

ಮೊದಲು ನರ್ಸರಿಯಿಂದ ಚಾಪೆಯಂತೆ ಸುತ್ತಿದ ವಿದೇಶಿ ಹುಲ್ಲು ತಂದು ಹಾಸಿದೆ. ಬಲು ಮೆತ್ತಗಿತ್ತು. ಆದರೆ ದಿನಕ್ಕೆರಡು ಸಲ ನೀರು ಕೇಳುತ್ತಿತ್ತು. ನಮ್ಮ ಬೀದಿಯ ನಲ್ಲಿಯೋ ಮನಸ್ಸು ಬಂದಾಗ ಬರುವಂಥದ್ದು. ಬೇಸಿಗೆ ಬಂದಿದ್ದೇ ನನ್ನ ಹೆಂಡತಿ ಮಹಾನಂದಾ ಬಕೆಟ್ಟಿಗೆ ಅಡ್ಡ ನಿಂತಳು. "ಹುಲ್ಲಿಗಿ ಎರಡ ಸರ್ತಿ ಝಳಕ, ನಮಗ ಒಂದ ಸರ್ತಿನೂ ಇಲ್ಲ. ಇದ್ಯಾವ ನ್ಯಾಯರಿ?" ನಾನು ಬಕೆಟ್ಟು ಕೆಳಗಿಟ್ಟೆ. ಬೇಸಿಗೆ ಮುಗಿಯುವಷ್ಟರಲ್ಲಿ ಹುಲ್ಲು ಇರಲಿಲ್ಲ. ಹಳೆಯ ಪೊರಕೆಯ ಬಣ್ಣದ್ದೇನೋ ಒಂದು ನೆಲಕ್ಕೆ ಅಂಟಿಕೊಂಡಿತ್ತು.

ಒಣ ಸೀಮೆಗೆ ಕರಕಿಯೇ ಸರಿ ಎಂದು ಆಮೇಲೆ ಎಲ್ಲೋ ಓದಿದೆ. ಗಣಪತಿಗೆ ಏರಿಸುವ ಗರಿಕೆಯೇ ನಮ್ಮ ಕಡೆ ಕರಕಿ. ಅಪರೂಪಕ್ಕೊಮ್ಮೆ ನೆಲ ನೆನೆಯುವಂತೆ ನೀರು ಕೊಟ್ಟರೆ ಸಾಕಂತೆ; ಬಿಸಿಲಿಗೆ ಒಣಗಿದಂತೆ ಕಂಡರೂ ಸಾಯುವುದಿಲ್ಲವಂತೆ. ಔರಾದ ತಾಲೂಕಿನ ಡಾಬಕಾದಲ್ಲಿ ಹೆಂಡತಿಯ ತಮ್ಮ ಧನರಾಜನ ಹೊಲವಿದೆ. ಅಲ್ಲಿಗೆ ಹೋಗಿ ಬೇರುಸಹಿತ ಕರಕಿ ಕೇಳಿದೆ. ಅವನು ನನ್ನ ಮುಖ ನೋಡಿದ.

"ಮಾವಾರ, ಇದನ್ನ ಕಿತ್ತಿ ಕಿತ್ತಿ ನಮ್ಮ ನಡಾ ಮುರದದ. ನೀವು ಹಚ್ಚಲಾಕ ಒಯ್ತೀರೇನ್ರಿ? ತಬಿಯತ್ ಬರೋಬ್ಬರಿ ಅದ ಇಲ್ರಿ?"

ಕರಕಿ ತುಂಬಿದ ಚೀಲ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರ್, "ಸರ್, ಮನಿಯಾಗ ಎಮ್ಮಿ ಕಟ್ಟೀರೇನ್ರಿ?" ಎಂದ. ಹೌದೆಂದೆ. ನಿಜ ಹೇಳುವುದಕ್ಕಿಂತ ಅದೇ ಮರ್ಯಾದೆಯದಾಗಿತ್ತು.

ಮೊದಲ ಮಳೆಗೆ ನೆಟ್ಟ ಕರಕಿ ಹಬ್ಬಿತು. ಮರುಬೇಸಿಗೆಯಲ್ಲಿ ತರಕಾರಿ ತೊಳೆದ ನೀರು ಕುಡಿದುಕೊಂಡೇ ಬದುಕಿತು. ಮಹಾನಂದಾ ಕೂಡ ಒಂದು ಸಂಜೆ ಅದರ ಮೇಲೆ ಕುಳಿತು, "ಛಲೋ ಅದ ಬಿಡ್ರಿ" ಎಂದಳು. ನನ್ನ ಸಂಸಾರದಲ್ಲಿ ಇಷ್ಟು ದೊಡ್ಡ ಪ್ರಶಸ್ತಿ ನನಗೆ ಸಿಕ್ಕಿದ್ದಿಲ್ಲ.

ಆಗ ಅತ್ತೆಯವರು ಬಂದರು. ನಾನು ಕರಕಿ ತಂದಾಗ ಅವರು ಖಟಕ ಚಿಂಚೋಳಿಯ ಹಿರಿಮಗಳ ಮನೆಯಲ್ಲಿದ್ದರು. ಈ ಕಥೆ ಅವರಿಗೆ ಗೊತ್ತಿರಲಿಲ್ಲ. ಮರುದಿನ ನಾನು ಭಾಲ್ಕಿಯಲ್ಲಿ, ಮಹಾನಂದಾ ಬಜಾರಿನಲ್ಲಿ. ಸಂಜೆ ಗೇಟು ತೆಗೆದರೆ ಅಂಗಳ ಕೆಂಪಗೆ, ಬೋಳಾಗಿ ಮಲಗಿತ್ತು. ಅತ್ತೆ ಕಳೆ ಕೀಳುವ ಖುರ್ಪಿ ಹಿಡಿದು, ಬೊಕ್ಕೆ ಎದ್ದ ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತ ಕುಳಿತಿದ್ದರು.

"ಅಳಿಯಾರ, ಎಂಥಾ ಕಸಾ ಬಿಟ್ಟಿದ್ರಿ! ನೌಕರಿ ಮಾಡೋರಿಗಿ ಪುರಸತ್ತ ಎಲ್ಲಿರಿ. ಪೂರಾ ಹಸನ ಮಾಡೀನಿ ನೋಡ್ರಿ."

ಆ ಅಂಗೈ ನೋಡಿದ ಮೇಲೆ ಏನು ಹೇಳುವುದು? "ಭಾಳ ಛಲೋ ಆಯ್ತ್ರಿ ಅತ್ತಿಯವರ" ಎಂದು ಒಳಗೆ ಹೋಗಿ, ಶೂ ಬಿಚ್ಚುವ ನೆಪದಲ್ಲಿ ತುಂಬ ಹೊತ್ತು ತಲೆ ತಗ್ಗಿಸಿ ಕುಳಿತೆ.

ಮಳೆ ಬಿತ್ತು. ನೆಲದಲ್ಲುಳಿದ ಬೇರು ಅಲ್ಲಲ್ಲಿ ಚಿಗುರಿತು. ನನಗೆ ಜೀವ ಬಂದಂತಾಯಿತು; ಅತ್ತೆಗೆ ಅವಮಾನ. "ಮತ್ತ ಬಂತು ನೋಡ್ರಿ, ಹಾಳಾದ್ದು!" ಎಂದು ಖುರ್ಪಿಗೆ ಕೈಹಾಕಿದರು. ನಿಮಗೇಕೆ ತೊಂದರೆ, ನಾನೇ ಕೀಳುತ್ತೇನೆ ಎಂದು ಕಸಿದುಕೊಂಡೆ.

ಈಗ ರವಿವಾರಗಳಂದು ಅಂಗಳದಲ್ಲಿ ಮಂಡಿಯೂರಿರುತ್ತೇನೆ. ಮೇಲಿನ ಎಲೆ ಕಿತ್ತು, ಬೇರನ್ನು ಹೆಬ್ಬೆರಳಿನಿಂದ ಮಣ್ಣಿಗೆ ಒತ್ತುತ್ತೇನೆ. ಅತ್ತೆ ಕಟ್ಟೆಯ ಮೇಲಿಂದ ನೋಡಿ ಮಗಳಿಗೆ ಹೇಳುತ್ತಾರೆ: "ನಿನ್ನ ಗಂಡಗ ಒಂದ ಕೆಲಸಾನೂ ಪೂರಾ ಮಾಡ್ಲಾಕ ಬರಲ್ಲ ನೋಡವಾ."

ಮಹಾನಂದಾ ಸೆರಗು ಬಾಯಿಗಿಟ್ಟುಕೊಂಡು ಹೌದೆನ್ನುತ್ತಾಳೆ. ನಾನೂ ತಲೆಯಾಡಿಸುತ್ತೇನೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.