ಸೋರುವ ಎಂಜಿನ್ನೂ ಅತ್ತೆಯ ಅಳತೆಯೂ

ಮೂವತ್ತು ವರ್ಷ ಊರಿನವರ ಗಡಿಯಾರಗಳ ಹೊಟ್ಟೆ ಬಗೆದು ಬದುಕಿದವನಿಗೆ ಸ್ವಂತ ಹೆಂಡತಿಯ ದೋಣಿ ಎಲ್ಲಿ ಸೋರುತ್ತಿದೆ ಎಂದು ಹೇಳಲಾಗಲಿಲ್ಲ ಎಂದರೆ, ಅದಕ್ಕಿಂತ ಮಾನಗೇಡಿ ಸಂಗತಿ ಇನ್ನೇನಿದೆ?

ದೋಣಿ ಹೆಂಡತಿಯದು. ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವವರನ್ನು ಹಗ್ಗದ ತುದಿಯಲ್ಲಿ ಎಳೆದುಕೊಂಡು ಓಡುವ ಸ್ಕೀ ದೋಣಿ. ಅದರ ಎಂಜಿನ್ನು ಹಿಂದೆ ಹೊರಗೆ ನೇತಾಡುವ ಜಾತಿಯದಲ್ಲ. ದೋಣಿಯ ನಟ್ಟನಡುವೆ, ಮುಚ್ಚಿದ ಪೆಟ್ಟಿಗೆಯೊಳಗೆ, ಮನೆ ಅಳಿಯನ ಹಾಗೆ ಜಾಗ ಹಿಡಿದು ಕೂತಿರುತ್ತದೆ. ದೋಣಿ ಓಡಿಸುವವಳು, ಕಲಿಯುವವರನ್ನು ಗದರುವವಳು, ಮುಳುಗಿದವರನ್ನು ಕೊರಳಪಟ್ಟಿ ಹಿಡಿದು ಎತ್ತುವವಳು ಅವಳೇ. ಎಂಜಿನ್ನು ಮಾತ್ರ ಗಂಡನ ಖಾತೆ. (ಸಂಪುಟದಲ್ಲಿ ಇದ್ದದ್ದೇ ಇಬ್ಬರು. ಆದರೂ ಖಾತೆ ಹಂಚಿಕೆಯ ಜಗಳ ಇಪ್ಪತ್ತು ವರ್ಷದಿಂದ ಮುಗಿದಿರಲಿಲ್ಲ.)

ಕಳೆದ ಭಾನುವಾರ ಕೆರೆಯ ಕಾವಲುಗಾರ ದೋಣಿಯನ್ನು ತಡೆದು ನಿಲ್ಲಿಸಿದ್ದ. ಹಿಂದೆ ನೀರಿನ ಮೇಲೆ ನವಿಲುಗರಿಯ ಬಣ್ಣದ ಪದರ ಹರಡಿತ್ತು. ದೋಣಿಯ ತಳದಲ್ಲಿ ನಿಂತ ನೀರನ್ನು ಆಚೆ ಚೆಲ್ಲುವ ಪಂಪು, ನೀರಿನ ಜೊತೆಗೆ ಎಂಜಿನ್ ಎಣ್ಣೆಯನ್ನೂ ಕಕ್ಕಿತ್ತು. ಕಾವಲುಗಾರ ಒಂದು ವಾರ ಗಡುವು ಕೊಟ್ಟ. ಮುಂದಿನ ಭಾನುವಾರ ತಪಾಸಣೆ. ಒಂದು ತೊಟ್ಟು ಎಣ್ಣೆ ಕಂಡರೂ ಈ ಸೀಸನ್ ಮುಗಿಯುವ ತನಕ ದೋಣಿ ನೀರಿಗಿಳಿಯುವಂತಿಲ್ಲ. ಹೆಂಡತಿಯ ಹತ್ತಿರ ಹನ್ನೊಂದು ಜನ ಕಲಿಯುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಇನ್ನೂ ನೀರು ಕುಡಿಯುವ ಹಂತ ದಾಟಿರಲಿಲ್ಲ.

ವರ್ಕ್‌ಶಾಪಿಗೆ ಕೊಡೋಣ ಎಂದಳು ಹೆಂಡತಿ.

"ಈ ಮನೆಗೆ ಮೆಕ್ಯಾನಿಕ್ಕು ಕಾಲಿಟ್ರೆ ನಾನು ಕಾಲು ತೆಗೀತೀನಿ," ಎಂದ ಗಂಡ.

"ಚಪ್ಪಲಿ ಬಾಗಿಲ ಹತ್ರಾನೇ ಇವೆ."

ಅಲ್ಲಿಗೆ ಮಾತುಕತೆ ಮುರಿದುಬಿತ್ತು. ಅವನು ಗಡಿಯಾರದ ಅಂಗಡಿಗೆ ಬೀಗ ಜಡಿದು, ಒಂದು ಕಣ್ಣಿಗೆ ಗಡಿಯಾರ ರಿಪೇರಿಯ ಭೂತಗಾಜು ಸಿಕ್ಕಿಸಿಕೊಂಡು, ಅಂಗಳದಲ್ಲಿ ಗಾಡಿಯ ಮೇಲೆ ನಿಂತಿದ್ದ ದೋಣಿಯನ್ನು ಹತ್ತಿದ. ಸೋರುವ ಜಾಗ ಕಂಡುಹಿಡಿಯದೆ ಇಳಿಯುವುದಿಲ್ಲ ಎಂಬ ಅವನ ಶಪಥಕ್ಕೆ ಊಟದ ಹೊತ್ತಿನಲ್ಲಿ ಮಾತ್ರ ವಿನಾಯಿತಿ ಇತ್ತು.

ಅಂದಹಾಗೆ ಮನೆಯಲ್ಲಿ ಅತ್ತೆಯೂ ಇದ್ದರು. ನಲವತ್ತು ವರ್ಷ ಹಾಲಿನ ಅಂಗಡಿ ನಡೆಸಿ, ಹಾಲಳೆಯುವ ಮಾಪಿನ ತುದಿಯಲ್ಲಿ ಜಗತ್ತನ್ನು ಆಡಿಸಿದ ಹೆಂಗಸು. ನಾಲ್ಕು ದಿನಕ್ಕೆಂದು ಬಂದವರು ಮೂರು ವಾರದಿಂದ ಕೂತಿದ್ದರು. ಅಳಿಯ ಹಗಲಿಡೀ ದೋಣಿಯಲ್ಲೇ ಬಿದ್ದಿರುವುದಕ್ಕೆ ಎಣ್ಣೆಯೊಂದೇ ಕಾರಣವಲ್ಲ ಎಂದು ಬಲ್ಲವರು ಹೇಳುತ್ತಿದ್ದರು. ಅತ್ತೆ ತಪಾಸಣೆಯ ಮರುದಿನ, ಸೋಮವಾರ ಹೊರಡುವುದು ಗಟ್ಟಿಯಾದಾಗ ಚೀಲ ಕಟ್ಟಲು ಹಗ್ಗ ಹುಡುಕಿಕೊಟ್ಟವನೂ ಅವನೇ.

ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಬೆಳಿಗ್ಗೆ ಎದ್ದವನೇ ಎಂಜಿನ್ನಿನ ಮುಂಬದಿಯ ಅಳತೆ ಕಡ್ಡಿ ಎಳೆದು ಎಣ್ಣೆ ನೋಡುವುದು. ದಿನವೂ ಗೆರೆಗಿಂತ ಕೆಳಗೇ ಇರುತ್ತಿತ್ತು. "ನೋಡಿದ್ಯಾ, ಹೇಗೆ ಸೋರಿದೆ," ಎಂದು ಹೆಂಡತಿಗೆ ಕಡ್ಡಿ ತೋರಿಸಿ, ಗೆರೆ ಮುಟ್ಟುವ ತನಕ ಎಣ್ಣೆ ಸುರಿಯುತ್ತಿದ್ದ. ಅಂಗಳದ ಕಲ್ಲಿನ ಮೇಲೆ ಮಾತ್ರ ಒಂದು ಹನಿಯೂ ಇರುತ್ತಿರಲಿಲ್ಲ. ಅದನ್ನು ಅವನು ಎಂಜಿನ್ನಿನ ಕಪಟ ಎಂದು ಬರೆದಿಟ್ಟುಕೊಂಡ.

ಸೋಮವಾರ ಎಂಜಿನ್ನಿನ ತಲೆಮುಚ್ಚಳ ಬಿಚ್ಚಿ, ಅದರಡಿಯ ರಬ್ಬರ್ ಪಟ್ಟಿ ಬದಲಿಸಿದ. ಕೆರೆಗೆ ಒಯ್ದು ಓಡಿಸಿದ, ಸೋರಿತು. ಮಂಗಳವಾರ ಎಣ್ಣೆ ಸೋಸುವ ಫಿಲ್ಟರನ್ನು ಹೊಸದು ಹಾಕಿದ. ಇನ್ನೂ ಚೆನ್ನಾಗಿ ಸೋರಿತು. ಬುಧವಾರ ಇಡೀ ಎಂಜಿನ್ನನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಫಳಫಳ ಮಾಡಿ (ಬ್ರಷ್ಷು ಯಾರದೆಂದು ಆ ದಿನ ಮನೆಯಲ್ಲಿ ಕೊಂಚ ಗಲಾಟೆಯಾಯಿತು), ಅತ್ತೆಯ ಪೌಡರ್ ಡಬ್ಬಿ ತಂದು ಮೇಲೆಲ್ಲ ಉದುರಿಸಿದ. ಎಣ್ಣೆ ಎಲ್ಲಿಂದ ಹೊರಟರೂ ಬಿಳಿ ಪೌಡರಿನ ಮೇಲೆ ಕಪ್ಪು ದಾರಿ ಬಿಡುತ್ತದೆ ಎಂಬುದು ಉಪಾಯ. ಒಳ್ಳೆಯ ಉಪಾಯವೇ. ಎಂಜಿನ್ನಿನ ಮುಂದೆ ಗಿರಗಿರ ತಿರುಗುವ ಬೆಲ್ಟು ಗಾಳಿ ಬೀಸುತ್ತದೆ ಎಂಬುದೊಂದು ಮರೆತಿತ್ತು. ಕೆರೆಯಿಂದ ಅವನು ಸುಣ್ಣ ಬಳಿದ ಗೋಡೆಯ ಹಾಗೆ, ಮಲ್ಲಿಗೆ ವಾಸನೆ ಬೀರುತ್ತಾ ವಾಪಸಾದ. ಉಳಿದ ಪೌಡರಿನ ಮೇಲೆ ದಾರಿ ಒಂದಲ್ಲ, ಮೇಲಿಂದ, ಹಿಂದಿಂದ, ಪಕ್ಕದಿಂದ ನಾಲ್ಕಾರು. ಇದು ಸೋರಿಕೆಯಲ್ಲ, ಸಾರ್ವತ್ರಿಕ ದಂಗೆ ಎಂದು ತೀರ್ಮಾನಿಸಿದ.

ದಂಗೆಯ ಮುಖಂಡ ಎಂಜಿನ್ನಿನ ಹಿಂಭಾಗದಲ್ಲಿ ಎಣ್ಣೆ ತಡೆಯುವ ದೊಡ್ಡ ಸೀಲು ಎಂದು ಗುರುವಾರವಿಡೀ ಯೋಚಿಸಿ ಗೊತ್ತುಮಾಡಿದ. ಅದನ್ನು ಮುಟ್ಟಬೇಕಾದರೆ ಎಂಜಿನ್ನನ್ನೇ ಮೇಲಕ್ಕೆತ್ತಬೇಕು. ಶುಕ್ರವಾರ ಷೆಡ್ಡಿನ ತೊಲೆಗೆ ಸರಪಳಿ ರಾಟೆ ಕಟ್ಟಿದ. ತೊಲೆ ಕಿರುಗುಟ್ಟಿತು. ಹೆಂಡತಿ ಬಂದು ಎಂಜಿನ್ ಪೆಟ್ಟಿಗೆಯ ಮೇಲೆ ಧರಣಿ ಕೂತಳು.

"ಏಳೇ."

"ಏಳಲ್ಲ."

"ನಿನ್ನ ದೋಣಿಗೇ ಕಣೇ ನಾನು ಸಾಯ್ತಿರೋದು."

"ಸಾಯೋದಾದ್ರೆ ಸೋಮವಾರ ಸಾಯ್ರಿ. ಭಾನುವಾರದ ಒಳಗೆ ಇದನ್ನ ಬಿಚ್ಚಿಟ್ರೆ ಜೋಡ್ಸೋರು ಯಾರು? ಆ ಗೋಡೆ ಗಡಿಯಾರ ಬಿಚ್ಚಿ ಎಷ್ಟು ವರ್ಷ ಆಯ್ತು?"

ಗೋಡೆ ಗಡಿಯಾರದ ವಿಷಯ ನ್ಯಾಯವಾದ ಹೊಡೆತವಲ್ಲ. ಅವನು ಇನ್ನೊಂದು ಸರಪಳಿ ಹುಡುಕಲು ಹೋದ. ಅವಳು ದಿಂಬು ತರಿಸಿಕೊಂಡು ಕತ್ತಲಾಗುವವರೆಗೆ ಅಲ್ಲೇ ಇದ್ದಳು.

ಶನಿವಾರ ಬೆಳಿಗ್ಗೆ ಅತ್ತೆ ತಮ್ಮ ಪೌಡರ್ ಡಬ್ಬಿ ಹುಡುಕಿಕೊಂಡು ಅಂಗಳಕ್ಕೆ ಬಂದರು. ಅಳಿಯ ಕಡ್ಡಿ ಎಳೆದು, ಭೂತಗಾಜಿನಿಂದ ನೋಡಿ, ನಿಟ್ಟುಸಿರು ಬಿಟ್ಟು, ಎಣ್ಣೆ ಡಬ್ಬಿಗೆ ಕೈಹಾಕಿದ್ದ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ದೋಣಿಯ ಮೂತಿಯಿಂದ ಬಾಲದವರೆಗೆ ಒಮ್ಮೆ ಕಣ್ಣು ಹಾಯಿಸಿದರು.

"ಅಳಿಯಂದ್ರೇ, ವಾಲಿಸಿಟ್ಟ ಪಾತ್ರೇಲಿ ಹಾಲು ಅಳೀತಾರೇನು?"

ಇದು ಹಾಲಲ್ಲ ಅತ್ತೆ, ಎಂಜಿನ್ನು, ಇದರ ಶಾಸ್ತ್ರವೇ ಬೇರೆ ಎಂದು ಅವನು ತಾಳ್ಮೆಯಿಂದ ವಿವರಿಸತೊಡಗಿದ. ಅತ್ತೆ ಪೂರ್ತಿ ಕೇಳದೆ ಒಳಗೆ ಹೋಗಿ, ಒಂದು ಕ್ಯಾನಿನಲ್ಲಿ ಅರ್ಧ ನೀರು ತುಂಬಿಸಿ ತಂದರು. ನೆಟ್ಟಗಿಟ್ಟು ಮುಂಬದಿಯಲ್ಲಿ ಕಡ್ಡಿ ಅದ್ದಿದರು: ಒಂದು ಗೇಣು. ಕ್ಯಾನಿನ ಮುಂಬದಿಯನ್ನು ಎತ್ತಿಹಿಡಿದು ಅದೇ ಜಾಗದಲ್ಲಿ ಅದ್ದಿದರು: ನಾಲ್ಕು ಬೆರಳು. ನೀರು ಎಲ್ಲಿಗೂ ಸೋರಿರಲಿಲ್ಲ, ಹಿಂದಕ್ಕೆ ಸರಿದಿತ್ತು, ಅಷ್ಟೇ.

ಮಳೆ ನೀರು ಹಿಂದಿನ ತೂತಿನಿಂದ ತಾನಾಗಿ ಹರಿದುಹೋಗಲಿ ಎಂದು ಗಾಡಿಯ ಮೂತಿಯ ಕೆಳಗೆ ಎರಡು ಸಿಮೆಂಟ್ ಇಟ್ಟಿಗೆ ಕೊಟ್ಟಿತ್ತು. ಈ ವರ್ಷವೇ ಕೊಟ್ಟದ್ದು. ಕೊಟ್ಟವನು ಇವನೇ.

ಗಂಡ ಹೆಂಡತಿ ಇಬ್ಬರೂ ಸೇರಿ ಇಟ್ಟಿಗೆ ತೆಗೆದರು. ದೋಣಿ ಸಮಕ್ಕೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ಎಳೆದರೆ ಎಣ್ಣೆ ಗೆರೆಯನ್ನು ದಾಟಿ ನಾಲ್ಕು ಬೆರಳು ಮೇಲೆ. ಎಂಜಿನ್ನು ಸೋರುತ್ತಿರಲಿಲ್ಲ, ಹೊಟ್ಟೆ ಬಿರಿಯುವಷ್ಟು ತುಂಬಿಸಿದ್ದರಿಂದ ಒಳಗೆ ತಿರುಗುವ ದಂಡ ಎಣ್ಣೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆದು, ನೊರೆಯೆಬ್ಬಿಸಿ, ಉಸಿರಾಡುವ ಕೊಳವೆಯಿಂದ, ಸಿಕ್ಕ ಸಂದುಗೊಂದಿಯಿಂದ ಆಚೆ ನೂಕುತ್ತಿತ್ತು. ನೂಕಿದಷ್ಟನ್ನೂ ಇವನು ಮರುದಿನ ಬೆಳಿಗ್ಗೆ ತುಂಬಿಸುತ್ತಿದ್ದ. ಕೈಪಂಪಿನಲ್ಲಿ ಹೀರಿ ತೆಗೆದಾಗ ಎರಡೂವರೆ ಲೀಟರ್ ಹೆಚ್ಚುವರಿ ಎಣ್ಣೆ ಬಂತೆಂದು ಅವನು ಅಂದಾಜಿಸಿದ. ಅತ್ತೆ ಬಗ್ಗಿ ನೋಡಿ, ಎರಡೂ ಮುಕ್ಕಾಲು ಎಂದು ತಿದ್ದಿದರು. ಅಳೆದಾಗ ಎರಡೂ ಮುಕ್ಕಾಲೇ ಆಗಿತ್ತು.

ಭಾನುವಾರ ಅತ್ತೆಯೂ ಕೆರೆಯ ದಡಕ್ಕೆ ಬಂದರು. ಕಾವಲುಗಾರ ಎಂಜಿನ್ನಿನ ಕೆಳಗೆ ಬಿಳಿ ಬಟ್ಟೆ ಹಾಸಿ, ಹನ್ನೊಂದು ಜನರಲ್ಲಿ ಅತಿ ದಪ್ಪಗಿದ್ದವನನ್ನು ಹಗ್ಗಕ್ಕೆ ಹಿಡಿಸಿ, ಅರ್ಧ ಗಂಟೆ ಕೆರೆ ಸುತ್ತಿಸಿದ. ಬಟ್ಟೆ ಬಿಳಿಯಾಗಿಯೇ ಉಳಿಯಿತು. ಇಷ್ಟು ಚೊಕ್ಕಟವಾದ ಎಂಜಿನ್ನನ್ನು ಈ ದಡದಲ್ಲಿ ನೋಡಿಲ್ಲ ಎಂದ ಅವನು. ಗಂಡ ಗಂಟಲು ಸರಿಮಾಡಿಕೊಂಡ. ರಬ್ಬರ್ ಪಟ್ಟಿ, ಫಿಲ್ಟರು, ಪೌಡರು, ಎಲ್ಲವೂ ಒಂದು ಒಳ್ಳೆಯ ಭಾಷಣವಾಗಿ ನಾಲಿಗೆಯ ತುದಿಗೆ ಬಂದಿತ್ತು.

"ಎಂಜಿನ್ ನೋಡ್ಕೊಳ್ಳೋರು ಯಾರು?" ಕಾವಲುಗಾರ ಪೆನ್ನು ಹಿಡಿದು ಕೇಳಿದ.

"ಅಮ್ಮ," ಎಂದಳು ಹೆಂಡತಿ.

ಕಾವಲುಗಾರ ಬರೆದುಕೊಂಡ. ಬರೆದ ಮೇಲೆ ನಿಯಮ ಹೇಳಿದ: ಹೆಸರು ಕೊಟ್ಟವರು ತಿಂಗಳ ಮೊದಲ ದಿನ ದಡಕ್ಕೆ ಬಂದು, ಎಂಜಿನ್ ನೋಡಿ ಸಹಿ ಹಾಕಬೇಕು, ಸೀಸನ್ ಮುಗಿಯುವ ತನಕ, ಆರು ತಿಂಗಳು.

ಅತ್ತೆ ನಾಳೆ ಊರಿಗೆ ಹೊರಡುತ್ತಾರೆ, ಚೀಲವೂ ಕಟ್ಟಿಯಾಗಿದೆ ಎಂದು ಗಂಡ ಅವಸರದಿಂದ ತಿಳಿಸಿದ.

"ಹಾಗಾದ್ರೆ ದೋಣೀನ ಇವತ್ತೇ ಮೇಲೆ ಎಳೀರಿ."

ಹನ್ನೊಂದು ಜನ ಒದ್ದೆ ಮೈಯಲ್ಲಿ ಅವನನ್ನೇ ನೋಡಿದರು. ಹೆಂಡತಿಯೂ ನೋಡಿದಳು. ಅತ್ತೆ ಮಾತ್ರ ಕೆರೆಯ ಆಚೆ ದಡ ನೋಡುತ್ತಾ, ಇಲ್ಲಪ್ಪ, ಮನೆ ಬಿಟ್ಟು ಬಹಳ ದಿನವಾಯಿತು, ಇರುವುದಕ್ಕಾಗುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಎರಡು ಸಲ ಹೇಳಿಕೊಂಡರು.

"ಇದ್ದುಬಿಡಿ ಅತ್ತೆ," ಎಂದ ಅವನು.

ಅತ್ತೆಗೆ ಕೇಳಿಸಲಿಲ್ಲ. ಅವನು ಇನ್ನೊಮ್ಮೆ, ದಡದಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಬೇಡಿಕೊಂಡ.

"ಅಳಿಯಂದ್ರು ಇಷ್ಟು ಬಲವಂತ ಮಾಡಿದ್ರೆ ಹೇಗಪ್ಪಾ ಇಲ್ಲ ಅನ್ಲಿ," ಎನ್ನುತ್ತಾ ಅತ್ತೆ ಕಾವಲುಗಾರನ ಪೆನ್ನು ಇಸಕೊಂಡು ದೊಡ್ಡದಾಗಿ ಸಹಿ ಹಾಕಿದರು. ಆಮೇಲೆ ಪೆನ್ನನ್ನು ಅಳಿಯನ ಕೈಗಿತ್ತು, 'ಸಹಾಯಕ' ಎಂದು ಅಚ್ಚಾಗಿದ್ದ ಕಡೆ ಬೆರಳಿಟ್ಟು ತೋರಿಸಿದರು. "ಹಾಕಿ. ಹಾಕಿ ಬೇಗ ಮನೆಗೆ ನಡೀರಿ, ಮಂಚ ಸರಿಸೋದಿದೆ. ಆರು ತಿಂಗಳು ಅಂದ್ರೆ ನಂಗೆ ಕಿಟಕಿ ಪಕ್ಕದ ಕೋಣೆ ಬೇಕಾಗತ್ತೆ."